ಮಗಳು ಶ್ರೀನಗರಕ್ಕೆ ಹೊರಟಿದ್ದಾಳೆ: ಇಂಟರ್‌ನೆಟ್ ನಿಂತರೆ ನಾವು ಏನು ಮಾಡಬೇಕು?

ತುಂಗಾತೀರ
ನಮ್ಮದು ಶೃಂಗೇರಿ ಹತ್ತಿರದ ಹಳ್ಳಿ. ಮಗಳಿಗೆ ಶ್ರೀನಗರದ ಎನ್‌ಐಟಿಯಲ್ಲಿ ಎಂ.ಟೆಕ್. ಸೀಟು ಸಿಕ್ಕಿದೆ. ಅವಳ ಅಪ್ಪ ಒಪ್ಪಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೆ 2019ರಲ್ಲಿ ಕಾಶ್ಮೀರದಲ್ಲಿ ಸರ್ಕಾರ ಫೋನ್, ಇಂಟರ್‌ನೆಟ್ ನಿಲ್ಲಿಸಿದ್ದ ಸುದ್ದಿ ಅತ್ತೆಯವರಿಗೆ ಇನ್ನೂ ನೆನಪಿದೆ. "ಫೋನೇ ಇಲ್ಲದ ಊರಿಗೆ ಹುಡುಗಿಯನ್ನು ಹೇಗೆ ಕಳಿಸುತ್ತೀರಿ?" ಎಂದು ದಿನವೂ ಕೇಳುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ನೆಟ್‌ವರ್ಕ್ ಇಲ್ಲದಿರುವುದು ನಮಗೆ ಹೊಸದಲ್ಲ. ಮಳೆ ಬಿಟ್ಟ ಮೇಲೆ ಲೈನ್‌ಮನ್ ಬರುತ್ತಾನೆ ಎಂಬ ಧೈರ್ಯ ಇರುತ್ತದೆ. ಸರ್ಕಾರವೇ ನಿಲ್ಲಿಸಿದರೆ ಯಾವಾಗ ಬರುತ್ತದೆ ಎಂದು ಯಾರನ್ನು ಕೇಳುವುದು?

ಅಣ್ಣನ ಮಗ "ವಿಪಿಎನ್ ಹಾಕಿಕೊಂಡರೆ ಸಾಕು" ಎನ್ನುತ್ತಾನೆ. ಅದು ನಿಜವೇ? ಹೊರಡುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಟವರ್ ಕೆಲಸದವನು
ಅಕ್ಕ, ನಾನು ಹದಿನಾಲ್ಕು ವರ್ಷಗಳಿಂದ ಮೊಬೈಲ್ ಜಾಲದ ನಿರ್ವಹಣೆಯಲ್ಲಿದ್ದೇನೆ. ನಿಮ್ಮ ಅಣ್ಣನ ಮಗ ಹೇಳುವುದು ಅರ್ಧ ಸರಿ. ಉಳಿದರ್ಧವನ್ನು ನಂಬಿಕೊಂಡು ಕೂತರೆ ಕಷ್ಟದ ದಿನ ಕೈಕೊಡುತ್ತದೆ.

ತಡೆಯುವುದು ಬೇರೆ, ನಿಲ್ಲಿಸುವುದು ಬೇರೆ. ತಡೆಯುವುದೆಂದರೆ ಇಂಟರ್‌ನೆಟ್ ಇರುತ್ತದೆ, ಒಂದು ಜಾಲತಾಣವೋ ಆ್ಯಪ್ಪೋ ಮಾತ್ರ ತೆರೆಯುವುದಿಲ್ಲ. ನೀವು ವಿಳಾಸ ಕೇಳಿದಾಗ ಕಂಪನಿಯ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸುಳ್ಳು ಉತ್ತರ ಕೊಡಬಹುದು, ಅಥವಾ ಸಂಪರ್ಕ ಆರಂಭವಾಗುವಾಗ ತಾಣದ ಹೆಸರನ್ನು ಓದಿ ಅಲ್ಲಿಯೇ ಕತ್ತರಿಸಬಹುದು. ಇಲ್ಲಿ ವಿಪಿಎನ್ ಕೆಲಸ ಮಾಡುತ್ತದೆ. ನಿಮ್ಮ ಮಾತನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಬೇರೆ ಊರಿನ ಯಂತ್ರಕ್ಕೆ ಕಳಿಸಿ ಅಲ್ಲಿಂದ ಮುಂದೆ ದಾಟಿಸುತ್ತದೆ, ಆದ್ದರಿಂದ ನೀವು ಯಾವ ತಾಣಕ್ಕೆ ಹೋಗುತ್ತಿದ್ದೀರಿ ಎಂಬುದು ನಡುವಿನವರಿಗೆ ಕಾಣುವುದಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2020ರಲ್ಲಿ ನಮ್ಮ ದೇಶದ ಸೇವಾ ಕಂಪನಿಗಳನ್ನು ಪರೀಕ್ಷಿಸಿದ್ದರು. ಒಂದು ಕಂಪನಿ ತಡೆಯುವ ರೀತಿ ಇನ್ನೊಂದರದಲ್ಲ, ತಡೆದ ತಾಣಗಳ ಪಟ್ಟಿಯೂ ಒಂದೇ ಅಲ್ಲ ಎಂದು ಕಂಡುಬಂತು. ನಿಮ್ಮ ಮನೆಯಲ್ಲಿ ತೆರೆಯದ ಪುಟ ಪಕ್ಕದ ಮನೆಯಲ್ಲಿ ತೆರೆಯುವುದು ಇದರಿಂದಲೇ.

ನಿಲ್ಲಿಸುವುದೆಂದರೆ ಡೇಟಾ ಹರಿಯುವುದೇ ಇಲ್ಲ. ಲಕೋಟೆ ಎಷ್ಟು ಗಟ್ಟಿಯಾಗಿದ್ದರೇನು, ಅಂಚೆಯೇ ಹೊರಡದಿದ್ದರೆ? ವಿಪಿಎನ್ ಅಲ್ಲಿ ಪೂರ್ತಿ ನಿಷ್ಪ್ರಯೋಜಕ. ಈಜಿಪ್ಟ್‌ನಲ್ಲಿ 2011ರ ಜನವರಿ 27ರ ರಾತ್ರಿ ದೇಶದ ದೊಡ್ಡ ಕಂಪನಿಗಳೆಲ್ಲ ತಮ್ಮ ದಾರಿಗಳನ್ನು ಜಗತ್ತಿನ ಇಂಟರ್‌ನೆಟ್ ನಕ್ಷೆಯಿಂದ ಹಿಂತೆಗೆದುಕೊಂಡವು. ಸುಮಾರು ಐದು ದಿನ ಆ ದೇಶ ಕತ್ತಲಲ್ಲಿತ್ತು. ಆಗ ಉಳಿದದ್ದು ಲ್ಯಾಂಡ್‌ಲೈನ್. ಫ್ರಾನ್ಸಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ತನ್ನ ಡಯಲ್‌ಅಪ್ ನಂಬರನ್ನು ಈಜಿಪ್ಟಿನವರಿಗೆ ಬಿಟ್ಟುಕೊಟ್ಟಿತು. ಹಳೆಯ ಮೋಡೆಮ್ ಎತ್ತಿಟ್ಟುಕೊಂಡಿದ್ದವರು ವಿದೇಶಕ್ಕೆ ಫೋನ್ ಹಚ್ಚಿ ಅದರ ಮೂಲಕ ಇಂಟರ್‌ನೆಟ್ ತಲುಪಿದರು. ಮೋಡೆಮ್ ಇಲ್ಲದವರಿಗೆ ಗೂಗಲ್ ಮತ್ತು ಟ್ವಿಟ್ಟರ್ ಸೇರಿ ಒಂದು ಫೋನ್ ನಂಬರ್ ಕೊಟ್ಟವು. ಅದಕ್ಕೆ ಕರೆ ಮಾಡಿ ಮಾತನಾಡಿದರೆ ಧ್ವನಿ ಟ್ವಿಟ್ಟರ್‌ನಲ್ಲಿ ಪ್ರಕಟವಾಗುತ್ತಿತ್ತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಯಾವ ವಿಪಿಎನ್ ಎಂಬುದಾಗಬಾರದು. ಡೇಟಾ ಇಲ್ಲದಾಗ ಏನು ಉಳಿದಿರುತ್ತದೆ ಎಂಬುದನ್ನು ಮೊದಲು ಯೋಚಿಸಿ.

ಧಾರವಾಡದವನು
ನಾನು 2019ರಲ್ಲಿ ಶ್ರೀನಗರದಲ್ಲಿ ನೌಕರಿಯಲ್ಲಿದ್ದೆ. ಬಲ್ಲವನಾಗಿ ಹೇಳುತ್ತೇನೆ, ಮಗಳನ್ನು ಕಳಿಸಿ. ಒಳ್ಳೆಯ ಜನ, ಒಳ್ಳೆಯ ಊರು. ಆದರೆ ಸಿದ್ಧತೆ ಮಾಡಿ ಕಳಿಸಿ.

ಆಗಸ್ಟ್ 4ರ ರಾತ್ರಿ ಮಲಗುವಾಗ ಅವ್ವನಿಗೆ ಮೆಸೇಜು ಕಳಿಸಿದ್ದೆ. ಬೆಳಗ್ಗೆ ಎದ್ದರೆ ಮೊಬೈಲಿಲ್ಲ, ಲ್ಯಾಂಡ್‌ಲೈನಿಲ್ಲ, ಬ್ರಾಡ್‌ಬ್ಯಾಂಡಿಲ್ಲ. ಏನೂ ಇಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಕರೆ ಮಾಡಲು ಕೆಲವೇ ಫೋನುಗಳನ್ನು ಇಟ್ಟಿದ್ದರು, ಅದಕ್ಕೆ ಉದ್ದದ ಸರದಿ. ನಾನು ಒಂದು ಚೀಟಿಯಲ್ಲಿ "ಕ್ಷೇಮವಾಗಿದ್ದೇನೆ" ಎಂದು ಬರೆದು ಮನೆಯ ನಂಬರ್ ಹಾಕಿ ದೆಹಲಿಗೆ ವಿಮಾನದಲ್ಲಿ ಹೊರಟಿದ್ದ ಒಬ್ಬ ಅಪರಿಚಿತರ ಕೈಗೆ ಕೊಟ್ಟೆ. ಅವರು ದೆಹಲಿಯಲ್ಲಿ ಇಳಿದವರೇ ನಮ್ಮ ಮನೆಗೆ ಫೋನ್ ಮಾಡಿದ್ದಾರೆ. ಅವ್ವನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನನ್ನ ಹೆಸರು ಮತ್ತು "ಠೀಕ್" ಎಂಬ ಮಾತು ಎರಡೇ ಅವ್ವನಿಗೆ ಅರ್ಥವಾದದ್ದು. ಅಷ್ಟು ಸಾಕಾಯಿತಂತೆ. ಆ ಮನುಷ್ಯನ ಮುಖ ಇವತ್ತಿಗೂ ಕಣ್ಣಮುಂದಿದೆ.

ಎಲ್ಲವೂ ಒಂದೇ ದಿನ ಮರಳಲಿಲ್ಲ. ಲ್ಯಾಂಡ್‌ಲೈನ್ ಹಂತ ಹಂತವಾಗಿ ಸೆಪ್ಟೆಂಬರ್ ಹೊತ್ತಿಗೆ ಬಂತು. ಪೋಸ್ಟ್‌ಪೇಯ್ಡ್ ಮೊಬೈಲಿನಲ್ಲಿ ಮಾತು ಅಕ್ಟೋಬರ್ 14ಕ್ಕೆ ಬಂತು. ಎಸ್‌ಎಂಎಸ್ ಹೊಸ ವರ್ಷದ ಹೊತ್ತಿಗೆ. ಪ್ರಿಪೇಯ್ಡ್ ಇದ್ದವರು ಜನವರಿ ಮಧ್ಯದವರೆಗೆ ಕಾದರು. ಆಮೇಲೆ 2ಜಿ ಬಂತು, ಅದೂ ಸರ್ಕಾರ ಒಪ್ಪಿದ 301 ತಾಣಗಳಿಗೆ ಮಾತ್ರ. 4ಜಿ ಬಂದದ್ದು 2021ರ ಫೆಬ್ರವರಿಯಲ್ಲಿ; ನಡುವೆ ಹದಿನೆಂಟು ತಿಂಗಳು ಕಳೆದಿದ್ದವು.

ನವೆಂಬರಿನಲ್ಲಿ ರೈಲು ಮತ್ತೆ ಓಡತೊಡಗಿದಾಗ ಜನ ಬೆಳಗಿನ ಗಾಡಿ ಹತ್ತಿ ಬನಿಹಾಲ್‌ಗೆ ಹೋಗುತ್ತಿದ್ದರು. ಅದು ಸುರಂಗದ ಆಚೆ, ಜಮ್ಮು ಕಡೆ. ಅಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಪರೀಕ್ಷೆಯ ಅರ್ಜಿ ತುಂಬುವ ಹುಡುಗರು, ಜಿಎಸ್‌ಟಿ ಕಟ್ಟುವ ವ್ಯಾಪಾರಿಗಳು ಎಲ್ಲರೂ ಸೈಬರ್ ಸೆಂಟರಿನ ಮುಂದೆ ಚಳಿಯಲ್ಲಿ ನಿಂತು ಸಂಜೆಯ ಗಾಡಿಗೆ ವಾಪಸು ಬರುತ್ತಿದ್ದರು. ನಾನೂ ಎರಡು ಸಲ ಹೋಗಿದ್ದೆ. ಅಷ್ಟರಲ್ಲಿ ಇನ್ನೊಂದು ಪೆಟ್ಟು: 120 ದಿನ ಬಳಸದ ಖಾತೆಗಳನ್ನು ವಾಟ್ಸ್‌ಆ್ಯಪ್ ತೆಗೆದುಹಾಕುತ್ತದೆ. ಡಿಸೆಂಬರಿನಲ್ಲಿ ಕಾಶ್ಮೀರದವರ ಹೆಸರುಗಳು ಸಾಲುಸಾಲಾಗಿ ಗುಂಪುಗಳಿಂದ ಹೊರಬಿದ್ದವು. ಮಗ ಗುಂಪು ಬಿಟ್ಟಿದ್ದಾನೆ ಎಂದು ಊರಲ್ಲಿ ಅವ್ವ ಅತ್ತಿದ್ದಳು.

ತುಂಗಾತೀರ
ನಿಮ್ಮ ಅವ್ವನ ಮಾತು ಓದಿ ನನಗೂ ಕಣ್ಣು ತುಂಬಿತು, ಅಣ್ಣ. ಮಗಳ ಬಳಿ ಇರುವುದು ಪ್ರಿಪೇಯ್ಡ್ ಸಿಮ್. ಅದನ್ನೇ ಒಯ್ಯಬಹುದೇ?

ಧಾರವಾಡದವನು
ಬೇಡ ತಾಯಿ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದೇ ಇಲ್ಲ. ಲಖನಪುರದ ಗಡಿ ದಾಟುತ್ತಿದ್ದಂತೆ ಸತ್ತುಹೋಗುತ್ತದೆ. ಇಲ್ಲಿಯೇ ಅದನ್ನು ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿ ಕಳಿಸಿ. ಅಲ್ಲಿ ಹೋದ ಮೇಲೆ ಸ್ಥಳೀಯ ಪೋಸ್ಟ್‌ಪೇಯ್ಡ್ ಇನ್ನೊಂದು ತೆಗೆದುಕೊಳ್ಳಲಿ. 2019ರಲ್ಲಿ ಪೋಸ್ಟ್‌ಪೇಯ್ಡ್‌ಗೂ ಪ್ರಿಪೇಯ್ಡ್‌ಗೂ ಮೂರು ತಿಂಗಳ ಅಂತರ ಇತ್ತು ಎಂಬುದನ್ನು ನೆನಪಿಡಿ. ಹಾಸ್ಟೆಲ್ ಕಚೇರಿಯ ಲ್ಯಾಂಡ್‌ಲೈನ್ ನಂಬರನ್ನು ಮೊದಲ ದಿನವೇ ಬರೆಸಿಕೊಳ್ಳಿ. ಮೊಬೈಲಿಗಿಂತ ಮೊದಲು ಜೀವ ಬಂದದ್ದು ಅದಕ್ಕೆ.

ಬಂದರು ರಸ್ತೆ
ಕಾಶ್ಮೀರದ ಮಾತಾಯಿತು. ಇದು ನಮ್ಮ ಕರ್ನಾಟಕಕ್ಕೂ ಬಂದಿದೆ ಎಂಬುದನ್ನು ಮರೆಯಬಾರದು. ಮಂಗಳೂರಿನಲ್ಲಿ ನನ್ನದು ಔಷಧ ಅಂಗಡಿ. 2019ರ ಡಿಸೆಂಬರ್ 19ರಂದು ಇಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ಅಂದು ರಾತ್ರಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್‌ನೆಟ್ ಅನ್ನು 48 ಗಂಟೆ ನಿಲ್ಲಿಸುವ ಆದೇಶ ಬಂತು.

ಎರಡೇ ದಿನ ಎನ್ನಬಹುದು. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ವೈದ್ಯರ ಚೀಟಿಯನ್ನು ಮೊಬೈಲಿನಲ್ಲೇ ತೋರಿಸುವವರು. ಮಗುವಿಗೆ ಫಿಟ್ಸ್ ಮಾತ್ರೆ ಮುಗಿದಿದೆ ಎಂದು ಒಬ್ಬ ತಂದೆ ಬಂದರು. ಚೀಟಿಯ ಫೋಟೊ ವೈದ್ಯರು ಕಳಿಸಿದ್ದಾರೆ, ಡೌನ್‌ಲೋಡ್ ಆಗಿಲ್ಲ. ವೈದ್ಯರಿಗೆ ಫೋನ್ ಹಚ್ಚಿ ಔಷಧದ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡು, ಪ್ರಮಾಣವನ್ನು ನಾನು ಎರಡು ಸಲ ಓದಿ ಹೇಳಿ, ಅವರು ಎರಡು ಸಲ ಹೌದೆಂದ ಮೇಲೆ ಕೊಟ್ಟೆ. ಕೈ ನಡುಗುತ್ತಿತ್ತು.

ಅಂಗಡಿಯ ಕೇಬಲ್ ಬ್ರಾಡ್‌ಬ್ಯಾಂಡ್ ನಡೆಯುತ್ತಿತ್ತು. ಆದೇಶ ಮೊಬೈಲಿಗೆ ಮಾತ್ರ. ಅದು ಹೊಳೆದ ಮೇಲೆ ವೈಫೈ ಪಾಸ್‌ವರ್ಡನ್ನು ರಟ್ಟಿನ ಮೇಲೆ ಬರೆದು ಕೌಂಟರಿನಲ್ಲಿಟ್ಟೆ. ಔಷಧಕ್ಕೆ ಬಂದವರು ಚೀಟಿಯ ಫೋಟೊ ಇಳಿಸಿಕೊಂಡರು, ಮಕ್ಕಳಿಗೆ ಒಂದು ಸುದ್ದಿ ಕಳಿಸಿ ಹೋದರು. ಅಕ್ಕ, ನಿಮ್ಮ ಮಗಳ ಹಾಸ್ಟೆಲಿನ ಆಸುಪಾಸು ಯಾರ ಮನೆ, ಯಾವ ಅಂಗಡಿಯಲ್ಲಿ ತಂತಿಯ ಸಂಪರ್ಕ ಇದೆ ಎಂದು ಅವಳು ಮೊದಲೇ ತಿಳಿದುಕೊಂಡಿರಲಿ.

ಮತ್ತೊಂದು: ಕೈಯಲ್ಲಿ ನಗದು ಇರಲಿ. ಕ್ಯುಆರ್ ಕೋಡ್ ನಂಬಿ ಬರಿಗೈಯಲ್ಲಿ ಬಂದವರು ಅಂದು ಸಾಲ ಹೇಳಿ ಹೋದರು. ಡೇಟಾ ನಿಂತು ಮಾತು ಮಾತ್ರ ಉಳಿದಿರುವಾಗ *99# ಒತ್ತಿ ಹಣ ಕಳಿಸಬಹುದು, ಅದಕ್ಕೆ ಇಂಟರ್‌ನೆಟ್ ಬೇಡ, ಕನ್ನಡದಲ್ಲಿಯೂ ಇದೆ. ಒಂದು ಸಲಕ್ಕೆ 5,000 ರೂಪಾಯಿಯ ಮಿತಿ. ಈಗಲೇ ಒಮ್ಮೆ ಮಾಡಿ ನೋಡಿಕೊಳ್ಳಿ.

ಬೀದರ್ ಮೇಷ್ಟ್ರು
ಎಲ್ಲರೂ ಒಂದೇ ಕಡೆಯಿಂದ ಮಾತನಾಡುತ್ತಿದ್ದೀರಿ, ಆದ್ದರಿಂದ ಇನ್ನೊಂದು ಕಡೆಯನ್ನು ನಾನು ಹೇಳಬೇಕಾಗಿದೆ. 2018ರ ಜುಲೈನಲ್ಲಿ ನಮ್ಮ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿ ಜನ ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಹೊಡೆದು ಕೊಂದರು. ಜೊತೆಯಲ್ಲಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಯಿತು. ಕಾರು ಮುಂದಿನ ಊರು ಮುಟ್ಟುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಆ ಒಂದು ಗಂಟೆ ಯಾರಾದರೂ ನೆಟ್ ನಿಲ್ಲಿಸಿದ್ದರೆ ಒಂದು ಜೀವ ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಎಲ್ಲ ಸ್ಥಗಿತವನ್ನೂ ದಬ್ಬಾಳಿಕೆ ಎನ್ನಬೇಡಿ.

ಮೈಸೂರು ವಿದ್ಯಾರ್ಥಿನಿ
ಮೇಷ್ಟ್ರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಮ್ಮ ರಾಜ್ಯದಲ್ಲೇ ಬೇರೆ ದಾರಿ ಹಿಡಿದ ಉದಾಹರಣೆ ಇದೆ. 2012ರ ಆಗಸ್ಟ್‌ನಲ್ಲಿ ಹಲ್ಲೆಯಾಗುತ್ತದೆ ಎಂಬ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಆಗ ಫೋನು ಕಡಿಯಲಿಲ್ಲ. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಹದಿನೈದು ದಿನಗಳ ಮಿತಿ ಹಾಕಿದರು. ಸಚಿವರು, ಅಧಿಕಾರಿಗಳು ರೈಲು ನಿಲ್ದಾಣಕ್ಕೇ ಹೋಗಿ ಜನರ ಜೊತೆ ಮಾತನಾಡಿದರು. ತಾಯಿಗೆ ಫೋನ್ ಮಾಡಿ "ಚೆನ್ನಾಗಿದ್ದೇನೆ" ಎನ್ನುವ ದಾರಿ ತೆರೆದೇ ಇತ್ತು. ಮುರ್ಕಿಯ ನಂತರ ವಾಟ್ಸ್‌ಆ್ಯಪ್ ಕೂಡ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೆ ಕಳಿಸುವಂತೆ ಮಾಡಿತು.

ಇನ್ನು ಮಣಿಪುರ. 2023ರ ಮೇ 3ಕ್ಕೆ ಅಲ್ಲಿ ಇಂಟರ್‌ನೆಟ್ ನಿಂತಿತು. ಮರುದಿನ ಇಬ್ಬರು ಹೆಂಗಸರ ಮೇಲೆ ಗುಂಪು ನಡೆಸಿದ ದೌರ್ಜನ್ಯದ ವಿಡಿಯೊ ದೇಶಕ್ಕೆ ಕಂಡದ್ದು ಜುಲೈ 19ಕ್ಕೆ. ಮೊದಲ ಬಂಧನವಾದದ್ದು ಅದರ ಮರುದಿನ. ಎರಡೂವರೆ ತಿಂಗಳು ಆ ಹೆಂಗಸರ ಸಂಕಟ ಕತ್ತಲಲ್ಲಿತ್ತು. ನಿಮ್ಮ ಒಂದು ಗಂಟೆಯನ್ನು ನಾನು ಒಪ್ಪಿದರೂ, ಒಂದು ಗಂಟೆಗೆಂದು ಕೊಟ್ಟ ಅಧಿಕಾರ ತಿಂಗಳುಗಟ್ಟಲೆ ಬಳಕೆಯಾಗುವುದನ್ನು ಹೇಗೆ ಒಪ್ಪಲಿ?

ಬೀದರ್ ಮೇಷ್ಟ್ರು
ಮಣಿಪುರದ ಆ ದಿನಾಂಕಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ತಂಗಿ. ಯೋಚಿಸುತ್ತೇನೆ. ಅವಧಿಗೆ ಮಿತಿ ಯಾರು ಹಾಕಬೇಕು, ಕಾನೂನಿನಲ್ಲಿ ಏನಿದೆ?

ಕಲಬುರಗಿ ವಕೀಲ
ಮೇಷ್ಟ್ರ ಪ್ರಶ್ನೆಗೆ ಉತ್ತರಿಸುತ್ತೇನೆ, ಯಾಕೆಂದರೆ ಸ್ಥಗಿತವನ್ನು ಎದುರಿಸುವ ದಾರಿಗಳಲ್ಲಿ ಜನ ಕೊನೆಗೆ ನೆನೆಯುವುದು ಇದನ್ನೇ.

2020ರ ಜನವರಿ 10ರಂದು, ಕಾಶ್ಮೀರದ ಸ್ಥಗಿತವನ್ನು ಪತ್ರಕರ್ತೆಯೊಬ್ಬರು ಪ್ರಶ್ನಿಸಿದ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಿದೆ. ಇಂಟರ್‌ನೆಟ್ ಮೂಲಕ ನಡೆಯುವ ಅಭಿವ್ಯಕ್ತಿಗೂ ವ್ಯಾಪಾರಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ. ಆದೇಶವನ್ನು ಪ್ರಕಟಿಸಬೇಕು, ಯಾಕೆಂದರೆ ಪ್ರಕಟವಾಗದ ಆದೇಶವನ್ನು ಪ್ರಶ್ನಿಸುವುದು ಹೇಗೆ? 2024ರ ನವೆಂಬರಿನ ಹೊಸ ನಿಯಮಗಳ ಪ್ರಕಾರ ಒಂದು ಆದೇಶ ಹದಿನೈದು ದಿನಕ್ಕಿಂತ ಹೆಚ್ಚು ಕಾಲ ನಡೆಯುವಂತಿಲ್ಲ. ಕಾರಣ ಮತ್ತು ಪ್ರದೇಶವನ್ನು ಬರೆದು ತೋರಿಸಬೇಕು, ಐದು ದಿನದೊಳಗೆ ಪರಿಶೀಲನಾ ಸಮಿತಿ ನೋಡಬೇಕು. ಆದರೆ ಒಂದು ಆದೇಶ ಮುಗಿದ ಕೂಡಲೇ ಇನ್ನೊಂದು ಬರುತ್ತದೆ, ಹದಿನೈದು ದಿನದ ಮಿತಿ ಅಲ್ಲಿ ಸೋರಿಹೋಗುತ್ತದೆ. ಇಂಟರ್‌ನೆಟ್ ಹಕ್ಕುಗಳಿಗಾಗಿ ಕೆಲಸ ಮಾಡುವ ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಭಾರತದಲ್ಲಿ 116 ಸ್ಥಗಿತಗಳು, 2024ರಲ್ಲಿ 84. ಪರೀಕ್ಷೆಯಲ್ಲಿ ನಕಲು ತಡೆಯಲೆಂದು ರಾಜಸ್ಥಾನ, ಅಸ್ಸಾಂಗಳಲ್ಲಿ ಜಿಲ್ಲೆಗಟ್ಟಲೆ ನಿಲ್ಲಿಸಿದ್ದಾರೆ. ಇದು ಸಾರ್ವಜನಿಕ ತುರ್ತು ಪರಿಸ್ಥಿತಿ ಹೇಗಾಗುತ್ತದೆ ಎಂದು ನನಗೆ ಅರ್ಥವಾಗಿಲ್ಲ.

ತಾಣ ತಡೆಯುವ ಕಾನೂನು ಬೇರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ. ಅಲ್ಲಿ ಆದೇಶಗಳನ್ನು ಗೋಪ್ಯವಾಗಿಡುವ ನಿಯಮವೇ ಇದೆ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಟ್ವಿಟ್ಟರ್ ಅಂಥ ಆದೇಶಗಳನ್ನು ಪ್ರಶ್ನಿಸಿ 2023ರ ಜೂನ್ 30ರಂದು ಸೋತಿತು, 50 ಲಕ್ಷ ರೂಪಾಯಿ ದಂಡವೂ ಬಿತ್ತು. ಬರಹ, ವಿಡಿಯೊ ತೆಗೆಯಲು ಸರ್ಕಾರ ಕಂಪನಿಗಳಿಗೆ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧದ ಅದರ ಅರ್ಜಿಯೂ 2025ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ತೀರ್ಪನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ.

ತಾಯಿ, ನಿಮಗೆ ಒಂದು ಎಚ್ಚರಿಕೆ. ದೇಶದಲ್ಲಿ ಸಾಮಾನ್ಯವಾಗಿ ವಿಪಿಎನ್ ಬಳಸುವುದು ಅಪರಾಧವಲ್ಲ. ಆದರೆ ಜಮ್ಮು-ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ 2025ರ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಅದನ್ನು ನಿಷೇಧಿಸಿದ್ದರು. 2020ರಲ್ಲಿ ವಿಪಿಎನ್ ಮೂಲಕ ಸಾಮಾಜಿಕ ಜಾಲತಾಣ ಬಳಸಿದ್ದಕ್ಕೆ ಅಲ್ಲಿ ಪ್ರಕರಣಗಳು ದಾಖಲಾಗಿದ್ದವು. ಹೊರಗಿನಿಂದ ಹೋದ ವಿದ್ಯಾರ್ಥಿನಿ ತಪಾಸಣೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ಅಲ್ಲಿರುವಾಗ ಜಿಲ್ಲೆಯ ಆದೇಶಗಳನ್ನು ಕೇಳಿಕೊಂಡು ನಡೆಯಲಿ.

ದೇರಾದಿಂದ
ದುಬೈಯಲ್ಲಿ ಇಪ್ಪತ್ತೆರಡು ವರ್ಷ. ವಕೀಲರ ಕೊನೆಯ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಇಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರೆಯಬಹುದು, ಕರೆ ಮಾಡಲಾಗುವುದಿಲ್ಲ. ಬಂಟ್ವಾಳದಲ್ಲಿರುವ ತಾಯಿಯ ಮುಖ ನೋಡಬೇಕೆಂದರೆ ಸರ್ಕಾರ ಒಪ್ಪಿದ ಆ್ಯಪ್ ಬಳಸಬೇಕು, ಅದನ್ನು ತಾಯಿಯ ಫೋನಿಗೂ ಹಾಕಿ ಕಲಿಸಬೇಕು. ಹೊಸದಾಗಿ ಬಂದ ಊರಿನ ಹುಡುಗರು ಕೋಣೆಯಲ್ಲಿ ಯಾರೋ ಹೇಳಿದ ಉಚಿತ ವಿಪಿಎನ್ ಹಾಕಿಕೊಳ್ಳುತ್ತಾರೆ. ಅಪರಾಧಕ್ಕೆ ಅದನ್ನು ಬಳಸಿದರೆ ಇಲ್ಲಿನ ಕಾನೂನಿನಲ್ಲಿ ದಂಡ ಐದು ಲಕ್ಷ ದಿರ್ಹಮ್‌ನಿಂದ ಆರಂಭ. ಉಚಿತ ವಿಪಿಎನ್ ನಡೆಸುವವನಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ ಎಂದು ಪ್ರತಿಯೊಬ್ಬ ಹುಡುಗನಿಗೂ ಹೇಳುತ್ತೇನೆ. ನಮ್ಮ ಎಲ್ಲ ಓಡಾಟವೂ ಅವನ ಯಂತ್ರದ ಮೂಲಕವೇ ಹೋಗುತ್ತದೆ.

ಮೈಸೂರು ವಿದ್ಯಾರ್ಥಿನಿ
ಇಂಟರ್‌ನೆಟ್ ಇಲ್ಲದೆ ಫೋನಿನಿಂದ ಫೋನಿಗೆ ಬ್ಲೂಟೂತ್ ಮೂಲಕ ಸಂದೇಶ ದಾಟಿಸುವ ಆ್ಯಪ್‌ಗಳಿವೆ. 2021ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ನಂತರ ಮ್ಯಾನ್ಮಾರ್‌ನಲ್ಲಿ ಜನ ಬ್ರಿಡ್ಜ್‌ಫೈ ಇಳಿಸಿಕೊಂಡರು, 2025ರ ಸೆಪ್ಟೆಂಬರಿನಲ್ಲಿ ನೇಪಾಳ ಸರ್ಕಾರ 26 ಜಾಲತಾಣಗಳನ್ನು ನಿಷೇಧಿಸಿದಾಗ ಅಲ್ಲಿಯವರು ಬಿಟ್‌ಚಾಟ್ ಇಳಿಸಿಕೊಂಡರು. ಮಗಳಿಗೆ ಇದು ಉಪಯೋಗವಾಗಬಹುದೇ?

ಟಾರ್ ಎಂದರೆ ಬಳಸುವವರ ಗುರುತು ಮರೆಮಾಡಿ ತಡೆ ದಾಟಿಸುವ ಒಂದು ಉಚಿತ ಜಾಲ. ನಾನು ನನ್ನ ಬ್ರೌಸರಿನಲ್ಲಿ ಅವರ ಸ್ನೋಫ್ಲೇಕ್ ಎಂಬ ಸಣ್ಣ ತಂತ್ರಾಂಶ ಹಾಕಿಕೊಂಡಿದ್ದೇನೆ. ಇರಾನಿನಂಥ ಕಡೆ ಟಾರ್‌ನ ಬಾಗಿಲುಗಳನ್ನೇ ಮುಚ್ಚಿದಾಗ, ನನ್ನಂಥ ಸಾಮಾನ್ಯರ ಕಂಪ್ಯೂಟರು ಅವರಿಗೆ ತಾತ್ಕಾಲಿಕ ಕಾಲುಸಂಕ ಆಗುತ್ತದೆ. ಒಂದನ್ನು ಗುರುತಿಸಿ ಮುಚ್ಚುವಷ್ಟರಲ್ಲಿ ಇನ್ನೊಂದು ಇರುತ್ತದೆ. ಇಂದು ಹನ್ನೊಂದು ಜನ ದಾಟಿದರು ಎಂದು ಲೆಕ್ಕ ತೋರಿಸುತ್ತದೆ. ಅವರು ಯಾರೋ ಏನೋ, ಓದುವಾಗ ಆ ಸಂಖ್ಯೆಯನ್ನು ನೋಡಿದರೆ ಸಮಾಧಾನ.

ಟವರ್ ಕೆಲಸದವನು
ತಂಗಿ, ಆ ಕೆಲಸ ಬಿಡಬೇಡಿ. ಬ್ಲೂಟೂತ್ ಆ್ಯಪ್‌ಗಳ ಬಗ್ಗೆ ಮಾತ್ರ ತೂಕವಾಗಿ ಹೇಳಬೇಕು. ಫೋನಿನಿಂದ ಫೋನಿಗೆ ಹತ್ತಾರು ಮೀಟರ್ ದಾಟುತ್ತದೆ, ನಡುವೆ ಅದೇ ಆ್ಯಪ್ ಇರುವ ಫೋನುಗಳ ಸರಪಳಿ ಬೇಕು. ಹಾಸ್ಟೆಲಿನ ಒಂದು ಕಟ್ಟಡದೊಳಗೆ, ಜನ ಸೇರಿದ ಮೈದಾನದಲ್ಲಿ ಸರಿ. ಶ್ರೀನಗರದಿಂದ ಶೃಂಗೇರಿಗೆ ಅದು ಬಾರದು. ಭದ್ರತೆಯ ಪ್ರಶ್ನೆಯೂ ಇದೆ: 2020ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಬ್ರಿಡ್ಜ್‌ಫೈನಲ್ಲಿ ಗಂಭೀರ ದೋಷಗಳನ್ನು ತೋರಿಸಿದರು. ಗುಟ್ಟಾಗಿದೆ ಎಂದುಕೊಂಡ ಮಾತನ್ನು ಬೇರೆಯವರು ಓದಬಹುದಾಗಿತ್ತು. ಈ ಬಗೆಯ ಆ್ಯಪ್‌ಗಳಲ್ಲಿ ನಾನು ಮೆಚ್ಚುವುದು ಬ್ರಯರ್. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಡೆದ 14 ಆ್ಯಪ್‌ಗಳಲ್ಲಿ ಅದೂ ಇತ್ತು.

ಯಾರೋ ಉಪಗ್ರಹ ಫೋನ್ ಕೊಡಿಸಿ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಥುರಾಯ, ಇರಿಡಿಯಂ ಫೋನ್ ತಂದ ವಿದೇಶಿ ಪ್ರವಾಸಿಗರೇ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ. ಮಗಳ ಚೀಲದಲ್ಲಿ ಅಂಥದ್ದು ಖಂಡಿತ ಬೇಡ.

ಹೊರಡುವ ಮೊದಲು ಫೋನಿಗೆ ಇಡೀ ಶ್ರೀನಗರದ ನಕ್ಷೆಯನ್ನು ಇಳಿಸಿಕೊಳ್ಳಲಿ. ಕಿವಿಕ್ಸ್ ಆ್ಯಪ್‌ನಲ್ಲಿ ವಿಕಿಪೀಡಿಯವನ್ನು ಪೂರ್ತಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು, ಕನ್ನಡದ್ದೂ ಸಿಗುತ್ತದೆ. ಪಠ್ಯಗಳು, ಪ್ರಬಂಧಗಳು ಲ್ಯಾಪ್‌ಟಾಪಿನಲ್ಲೇ ಇರಲಿ, ಕ್ಲೌಡ್ ನಂಬಿ ಕೂರುವುದು ಬೇಡ. ಅಂಕಪಟ್ಟಿ, ಆಧಾರ್ ಕಾಗದದಲ್ಲಿ ಇರಲಿ. ಬ್ಯಾಂಕ್ ಒಟಿಪಿ ಎಸ್‌ಎಂಎಸ್‌ನಲ್ಲಿ ಬರುತ್ತದೆ, ಅದು ನಿಂತರೆ ಶುಲ್ಕ ಕಟ್ಟಲಾಗದು, ಆದ್ದರಿಂದ ಕಡೆಯ ದಿನಕ್ಕೆ ಕಾಯದೆ ಕಟ್ಟಿಬಿಡಿ.

ಧಾರವಾಡದವನು
ಇನ್ನೊಂದು ಮಾತು. ಮನೆಯವರ ಜೊತೆ ಮೊದಲೇ ಒಂದು ಒಪ್ಪಂದ ಇರಲಿ: ಇಷ್ಟು ದಿನ ಸುದ್ದಿ ಬರದಿದ್ದರೆ ಗಾಬರಿಯಾಗುವುದು ಬೇಡ, ಅದಾದ ಮೇಲೆ ಯಾರಿಗೆ ಫೋನ್ ಮಾಡಬೇಕು ಎಂದು. ನಮ್ಮ ಮನೆಯಲ್ಲಿ ಅದಿರಲಿಲ್ಲ. ಅವ್ವ ಮೊದಲ ಮೂರು ದಿನ ಊಟ ಮಾಡಲಿಲ್ಲ. ಶ್ರೀನಗರದಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯ ಮನೆಯ ಲ್ಯಾಂಡ್‌ಲೈನ್ ನಂಬರನ್ನು ಅವರನ್ನು ಕೇಳಿ ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ.

ತುಂಗಾತೀರ
ಎಲ್ಲರಿಗೂ ಕೈಮುಗಿಯುತ್ತೇನೆ. ಸಿಮ್ ಪೋಸ್ಟ್‌ಪೇಯ್ಡ್ ಆಯಿತು. ಮಗಳು ನಕ್ಷೆ, ವಿಕಿಪೀಡಿಯ ಎಲ್ಲವನ್ನೂ ಇಳಿಸಿಕೊಂಡಳು. *99# ಒತ್ತಿ ನನಗೆ ಒಂದು ರೂಪಾಯಿ ಕಳಿಸಿದಳು, ಬಂತು. ಐದು ದಿನ ಸುದ್ದಿ ಇಲ್ಲದಿದ್ದರೆ ಮೊದಲು ಹಾಸ್ಟೆಲಿಗೆ, ಆಮೇಲೆ ಧಾರವಾಡದ ಅಣ್ಣನ ಸ್ನೇಹಿತರಿಗೆ ಎಂದು ಕಾಗದದಲ್ಲಿ ಬರೆದು ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದೇವೆ.

ಫೋನೇ ಕಳೆದುಹೋದರೆ ಎಂದು ಕೇಳಿದ್ದು ಅತ್ತೆಯವರು. ಅದು ನಮ್ಮ ಯಾರಿಗೂ ಹೊಳೆದಿರಲಿಲ್ಲ. ನಿನ್ನೆ ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಐದು ನಂಬರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ನಾಲ್ಕನ್ನು ಸರಿಯಾಗಿ ಹೇಳಿದಳು, ನನ್ನದರಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾಯಿತು. ಇವತ್ತು ದೀಪ ಹಚ್ಚಿದ ಮೇಲೆ ಮತ್ತೆ ಕೂರಿಸುತ್ತಾರಂತೆ.